ಸ್ಟೆಮ್ ಸೆಲ್ ತೆಗೆಯುವಾಗ ಎಲ್ಲಿ ಕೈಕೊಡುತ್ತದೆ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಟ್ರಾನ್ಸ್‌ಪ್ಲಾಂಟ್ ಅಂದ ಕೂಡಲೇ ಎಲ್ಲರ ಕಣ್ಣೂ ಸೆಲ್ ಹಾಕುವ ದಿನದ ಮೇಲೇ ಇರುತ್ತದೆ. ಆದರೆ ಕಿರಿಕಿರಿ ಶುರುವಾಗುವುದು ಅದಕ್ಕೂ ಮೊದಲು, ಸೆಲ್ ತಯಾರು ಮಾಡುವ ವಾರದಲ್ಲಿ. ನಾನು ಕೆಲಸ ಮಾಡುವುದು ಅಫೆರಿಸಿಸ್ ರೂಮಿನಲ್ಲಿ, ಅಂದರೆ ರಕ್ತದಿಂದ ಬೇಕಾದ ಸೆಲ್ ಮಾತ್ರ ಮಷಿನ್ ಹಚ್ಚಿ ಬೇರ್ಪಡಿಸುವ ಕಡೆ. ದಾನಿಗಳು ಮತ್ತು ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳನ್ನು, ಹೊಸದಾಗಿ ಈ ಕೆಲಸಕ್ಕೆ ಬಂದವರು ಗಾಬರಿಯಾಗುವ ಸಂಗತಿಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಕೆಲಸ ಸಾಗುವ ಕ್ರಮ ಗೊತ್ತಿದ್ದರೆ ಮುಂದಿನದು ಸುಲಭ. ಸ್ಟೆಮ್ ಸೆಲ್‌ಗಳು, ಅಂದರೆ ರಕ್ತದ ಎಲ್ಲ ಕಣಗಳಿಗೂ ತಾಯಿಯಾದ ಸೆಲ್‌ಗಳು, ಇರುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಜಿ-ಸಿಎಸ್‌ಎಫ್ ಅನ್ನುವ ಇಂಜೆಕ್ಷನ್ ನಾಲ್ಕೈದು ದಿನ ಕೊಟ್ಟರೆ ಅವು ಮಜ್ಜೆ ಬಿಟ್ಟು ರಕ್ತಕ್ಕೆ ಇಳಿಯುತ್ತವೆ. 5ನೇ ದಿನ ಮಷಿನ್‌ಗೆ ಜೋಡಿಸಿ, ರಕ್ತ ಹೊರಗೆ ತಂದು, ಬೇಕಾದ ಸೆಲ್ ಮಾತ್ರ ಬ್ಯಾಗಿಗೆ ಹಿಡಿದು, ಉಳಿದದ್ದನ್ನು ವಾಪಸ್ ಮೈಗೆ ಬಿಡುತ್ತೇವೆ. ಆಮೇಲೆ ಎಣಿಕೆ. ಆಮೇಲೆ ಫ್ರಿಜ್ಜು ಅಥವಾ ನೈಟ್ರೋಜನ್ ಟ್ಯಾಂಕು. ಕೊನೆಗೆ ರೋಗಿಗೆ. ರೋಗಿಯ ಸೆಲ್ಲನ್ನೇ ತೆಗೆದು ಅವರಿಗೇ ಹಾಕುವುದೂ ಇದೆ, ಬೇರೆಯವರಿಂದ ತೆಗೆದು ಹಾಕುವುದೂ ಇದೆ. ಎರಡರಲ್ಲೂ ಸೆಲ್ ತೆಗೆಯುವ ಕೆಲಸ ಹೆಚ್ಚು ಕಡಿಮೆ ಒಂದೇ.

ಮೊದಲೇ ಒಂದು ಮಾತು. ಎಡಗಡೆ ಪಕ್ಕೆಯ ಕೆಳಗೆ ಜೋರು ನೋವು, ಉಸಿರು ಕಟ್ಟುವುದು, ಎದೆ ಬಿಗಿತ, ತಲೆ ಸುತ್ತಿ ಬೀಳುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ನಿಲ್ಲದ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಓದುತ್ತಾ ಕೂರಬೇಡಿ. ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ.

ಇಂಜೆಕ್ಷನ್ ತಗೊಂಡ ಮೇಲೆ ಸೊಂಟ, ಬೆನ್ನು, ತೊಡೆ ಎಲ್ಲ ನೋವು

ಇದು ದೋಷವೇ ಅಲ್ಲ. ಮಜ್ಜೆಯೊಳಗೆ ಬಿಳಿ ರಕ್ತಕಣಗಳ ತಯಾರಿ ಜೋರಾದಾಗ ದೊಡ್ಡ ಮೂಳೆಗಳು ನೋಯುತ್ತವೆ. ಸೊಂಟ, ಬೆನ್ನು, ಎದೆಮೂಳೆ, ಕೆಲವರಿಗೆ ತಲೆನೋವು ಕೂಡ. ಎರಡನೇ ಮೂರನೇ ದಿನಕ್ಕೆ ಏರಿ, ಇಂಜೆಕ್ಷನ್ ನಿಂತ ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸಾಕು. ಆದರೆ ಮಾತ್ರೆ ನುಂಗುವ ಮೊದಲು ಒಮ್ಮೆ ಜ್ವರ ನೋಡಿಕೊಳ್ಳಿ, ಯಾಕೆಂದರೆ ಮಾತ್ರೆ ಜ್ವರವನ್ನೂ ಮುಚ್ಚಿಹಾಕುತ್ತದೆ. ಆಸ್ಪಿರಿನ್ ಬೇಡ. ಮುಂದೆ ಮಷಿನ್ ಮೇಲೆ ಹೇಗೂ ಪ್ಲೇಟ್‌ಲೆಟ್ ಇಳಿಯುತ್ತದೆ, ಇರುವ ಪ್ಲೇಟ್‌ಲೆಟ್ಟೂ ಸರಿಯಾಗಿ ಕೆಲಸ ಮಾಡದ ಹಾಗೆ ಮಾಡಿಕೊಳ್ಳುವುದು ಯಾಕೆ? ಮನೆಯಲ್ಲಿರುವ ಬೇರೆ ನೋವಿನ ಮಾತ್ರೆಗಳನ್ನೂ ಕೇಳದೆ ತಗೊಳ್ಳಬೇಡಿ.

ನೋವೇ ಬಂದಿಲ್ಲ, ಹಾಗಾದರೆ ಇಂಜೆಕ್ಷನ್ ಕೆಲಸ ಮಾಡ್ತಿಲ್ವಾ ಅಂತ ಕೇಳುವವರೂ ಇದ್ದಾರೆ. ಸಂಬಂಧವಿಲ್ಲ. ಒಂದು ಚೂರೂ ನೋವಿಲ್ಲದೆ ಒಳ್ಳೆ ಸೆಲ್ ಕೊಟ್ಟವರಿದ್ದಾರೆ, ನೋವಿನಲ್ಲಿ ನರಳಿಯೂ ಕೌಂಟ್ ಏರದವರಿದ್ದಾರೆ.

ಇಲ್ಲಿ ನಿಲ್ಲಬೇಕಾದ ಗುರುತು ಒಂದೇ: ನೋವು ಎಡಗಡೆ ಪಕ್ಕೆಯ ಕೆಳಗೆ ಅಥವಾ ಎಡ ಭುಜದ ತುದಿಯಲ್ಲಿ. ಈ ದಿನಗಳಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಸ್ವಲ್ಪ ಊದಿಕೊಂಡಿರುತ್ತದೆ. ಅದು ಒಡೆಯುವುದು ತುಂಬಾ ಅಪರೂಪ, ಆದರೆ ಒಡೆದರೆ ಜೀವಕ್ಕೇ ಅಪಾಯ. ಮುಂದಿನ ಡೋಸ್ ನಿಲ್ಲಿಸಿ, ಸ್ಕ್ಯಾನ್ ಆಗಲಿ. ಇಂಜೆಕ್ಷನ್ ನಡೆಯುವ ವಾರದಲ್ಲಿ, ಮುಗಿದ ಮೇಲೂ ಕೆಲವು ದಿನ, ಭಾರ ಎತ್ತುವುದು, ಕಬಡ್ಡಿ ಆಡುವುದು ಬೇಡ ಅನ್ನುವುದು ಇದಕ್ಕೇ.

ಸಿಕಲ್ ಸೆಲ್ ಕಾಯಿಲೆ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ವಂಶದಲ್ಲಿ ಬರುವ ಕಾಯಿಲೆ) ಇರುವವರಿಗೆ ಜಿ-ಸಿಎಸ್‌ಎಫ್ ಕೊಡುವಂತಿಲ್ಲ, ಪ್ರಾಣಕ್ಕೆ ಕುತ್ತು ತರಬಹುದು. ಚಾಮರಾಜನಗರ, ಮೈಸೂರು ಜಿಲ್ಲೆಯ ಕಾಡಂಚಿನ ಆದಿವಾಸಿ ಕುಟುಂಬಗಳಲ್ಲಿ ಈ ಕಾಯಿಲೆ ಇದೆ. ದಾನಿ ಅಂಥ ಕುಟುಂಬದವರಾಗಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಇದ್ದರೆ, ಮೊದಲ ಸೂಜಿಗಿಂತ ಮುಂಚೆ ರಕ್ತ ಪರೀಕ್ಷೆ ಆಗಿದೆಯಾ ಅಂತ ಕೇಳಿ.

ರಿಪೋರ್ಟಿನಲ್ಲಿ ಡಬ್ಲ್ಯೂಬಿಸಿ 45 ಸಾವಿರ, ಕೆಂಪು ಅಕ್ಷರ

ಅಕ್ಕನಿಗೆ ಸೆಲ್ ಕೊಡಲು ಬಂದ ತಮ್ಮ ಮೊಬೈಲಿಗೆ ಬಂದ ರಿಪೋರ್ಟ್ ಹಿಡಿದುಕೊಂಡು ಬರುತ್ತಾನೆ, "ಸಿಸ್ಟರ್, ನಂಗೂ ಅಕ್ಕನ ಕಾಯಿಲೆನೇ ಬಂತಾ?" ಅಂತ. ಇಲ್ಲ ಮಾರಾಯ. ಸಾಧಾರಣವಾಗಿ 4 ಸಾವಿರದಿಂದ 11 ಸಾವಿರ ಇರಬೇಕಾದ ಬಿಳಿ ಕಣ, ಅಂದರೆ ಡಬ್ಲ್ಯೂಬಿಸಿ, ಇಂಜೆಕ್ಷನ್ನಿನ ಕೊನೆಗೆ 30 ಸಾವಿರದಿಂದ 60 ಸಾವಿರಕ್ಕೆ ಹೋಗುವುದು ನಿರೀಕ್ಷಿತ. ಲ್ಯಾಬಿನ ಕಂಪ್ಯೂಟರಿಗೆ ನೀವು ದಾನಿ ಅಂತ ಗೊತ್ತಿಲ್ಲ, ಅದಕ್ಕೆ ಕೆಂಪು ಬಳಿಯುತ್ತದೆ. ಎಲ್‌ಡಿಎಚ್, ಆಲ್ಕಲೈನ್ ಫಾಸ್ಫಟೇಸ್ ಅನ್ನುವ ರಕ್ತ ಪರೀಕ್ಷೆಯ ಅಂಕಿಗಳೂ ಏರಿರುತ್ತವೆ, ಪ್ಲೇಟ್‌ಲೆಟ್ ತುಸು ಇಳಿದಿರುತ್ತದೆ. ಎಲ್ಲವೂ ತಾನಾಗಿ ಸರಿಹೋಗುತ್ತವೆ.

70 ಸಾವಿರ ದಾಟಿದರೆ ಮಾತ್ರ ಮಾತು ಬೇರೆ. ಆಗ ಡಾಕ್ಟರ್ ಡೋಸ್ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಅಂಥ ರಿಪೋರ್ಟ್ ರಾತ್ರಿ ಬಂದರೆ ಬೆಳಿಗ್ಗೆ ನೋಡೋಣ ಅಂತ ಬಿಡಬೇಡಿ, ಬೆಳಿಗ್ಗೆಯ ಇಂಜೆಕ್ಷನ್‌ಗೆ ಮೊದಲೇ ಕೇಳಿ.

ಸಿಡಿ34 ಕೌಂಟ್ ಕಡಿಮೆ ಬಂತು

ಎಲ್ಲರಿಗೂ ನಿದ್ದೆ ಕೆಡಿಸುವುದು ಇದೇ. ಸ್ಟೆಮ್ ಸೆಲ್‌ನ ಮೈಮೇಲಿರುವ ಒಂದು ಗುರುತಿನ ಹೆಸರು ಸಿಡಿ34. ಆ ಗುರುತಿರುವ ಸೆಲ್‌ಗಳನ್ನು ಫ್ಲೋ ಸೈಟೊಮೀಟರ್ ಅನ್ನುವ ಲ್ಯಾಬಿನ ಯಂತ್ರ ಎಣಿಸುತ್ತದೆ. ರಕ್ತದ ಒಂದು ಮೈಕ್ರೋಲೀಟರಿಗೆ 20 ಮೇಲಿದ್ದರೆ ಧೈರ್ಯವಾಗಿ ಮಷಿನ್ ಹತ್ತಿಸುತ್ತೇವೆ, 10ರಿಂದ 20 ಇದ್ದರೆ ಯೋಚಿಸುತ್ತೇವೆ, 10ಕ್ಕಿಂತ ಕೆಳಗಿದ್ದರೆ ಸುಮ್ನೆ ಕೂರಿಸಿ ಪ್ರಯೋಜನವಿಲ್ಲ.

ಯಾಕೆ ಅಂತ ಲೆಕ್ಕ ಹಾಕಿದರೆ ತಿಳಿಯುತ್ತದೆ. ರೋಗಿಯ ತೂಕ 60 ಕಿಲೋ ಅಂದುಕೊಳ್ಳಿ. ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಸಿಡಿ34 ಸೆಲ್ ಬೇಕು, 40-50 ಲಕ್ಷ ಸಿಕ್ಕರೆ ಒಳ್ಳೆಯದು. ರಕ್ತದಲ್ಲಿ ಕೌಂಟ್ 40 ಇದ್ದರೆ ಒಂದು ಲೀಟರಿನಲ್ಲಿ 4 ಕೋಟಿ ಸೆಲ್ ಆಯಿತು. ಮಷಿನ್‌ನಲ್ಲಿ 12 ಲೀಟರ್ ಹಾಯಿಸಿದರೆ 48 ಕೋಟಿ ಎದುರಿಗೆ ಹಾದುಹೋಗುತ್ತವೆ. ಮಷಿನ್ ಎಲ್ಲವನ್ನೂ ಹಿಡಿಯುವುದಿಲ್ಲ, ಹತ್ತಿರ ಹತ್ತಿರ ಅರ್ಧ ಹಿಡಿಯುತ್ತದೆ. ಅಂದರೆ 24 ಕೋಟಿ, ಅದನ್ನು 60ಕ್ಕೆ ಭಾಗಿಸಿದರೆ ಕಿಲೋಗೆ 40 ಲಕ್ಷ. ಒಂದೇ ದಿನಕ್ಕೆ ಕೆಲಸ ಮುಗಿಯಿತು. ಅದೇ ಕೌಂಟ್ 8 ಇದ್ದರೆ ಇಡೀ ದಿನ ಕೂತರೂ ಕಿಲೋಗೆ 8 ಲಕ್ಷ. ಇಲ್ಲಿ ಗಮನಿಸಿ, ಇಂಜೆಕ್ಷನ್ನಿನ ಡೋಸ್ ದಾನಿಯ ತೂಕದ ಮೇಲೆ, ಸೆಲ್‌ನ ಲೆಕ್ಕ ರೋಗಿಯ ತೂಕದ ಮೇಲೆ. 45 ಕಿಲೋದ ತಂಗಿ 90 ಕಿಲೋದ ಅಣ್ಣನಿಗೆ ಕೊಡುವಾಗ ಕೌಂಟ್ ಚೆನ್ನಾಗಿದ್ದೂ ಸಾಲದೇ ಹೋಗುವುದು ಅದಕ್ಕೇ. ಆ ಹುಡುಗಿಯದೇನೂ ತಪ್ಪಿಲ್ಲ.

ಕಡಿಮೆ ಬಂದರೆ ದುಬಾರಿ ಔಷಧಿಗೆ ಕೈ ಹಾಕುವ ಮೊದಲು ಕಾಸು ಖರ್ಚಿಲ್ಲದ ಪ್ರಶ್ನೆಗಳನ್ನು ಕೇಳಿ ಮುಗಿಸಬೇಕು.

ಡೋಸ್ ಪೂರ್ತಿ ಹೋಗಿದೆಯಾ? ದಾನಿಗೆ ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 10 ಮೈಕ್ರೋಗ್ರಾಂ. 60 ಕಿಲೋಗೆ 600 ಆಯಿತು. ಅಂಗಡಿಯಲ್ಲಿ ಸಿಗುವ ಸಿರಿಂಜ್ ಹೆಚ್ಚಾಗಿ 300ರದ್ದು. ಅಂದರೆ ದಿನಕ್ಕೆ ಎರಡು. ಊರಿನ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡವರಿಗೆ ದಿನಕ್ಕೆ ಒಂದೇ ಹೋಗಿರುವುದು ಉಂಟು, ಚೀಟಿಯಲ್ಲಿ "2" ಅಂತಿದ್ದದ್ದನ್ನು ಎರಡು ದಿನಕ್ಕೆ ಅಂತ ಓದಿಕೊಂಡು. ಖಾಲಿ ಸಿರಿಂಜ್‌ಗಳನ್ನು ಎಸೆಯದೆ ಒಂದು ಗಟ್ಟಿ ಡಬ್ಬಿಯಲ್ಲಿ ಹಾಕಿಟ್ಟು ತನ್ನಿ ಅಂತ ನಾವು ಹೇಳುವುದು ಎಣಿಸಿ ನೋಡಲಿಕ್ಕೇ.

ಔಷಧಿ ಎಲ್ಲಿಟ್ಟಿದ್ದಿರಿ? ಇದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದದ್ದು. ಐಸ್ ಮೇಲೆ ನೇರವಾಗಿ ಇಟ್ಟು ಬಸ್ಸಿನಲ್ಲಿ ತಂದರೆ ಹೆಪ್ಪುಗಟ್ಟುತ್ತದೆ, ಫ್ರೀಜರ್ ಪಕ್ಕದ ಗೋಡೆಗೆ ತಾಗಿದರೂ ಅಷ್ಟೇ. ಇಡೀ ದಿನ ಕರೆಂಟ್ ಹೋದ ಮನೆಯ ಫ್ರಿಜ್ಜೂ ನಂಬಿಕೆಗೆ ಅರ್ಹವಲ್ಲ. ಬಾಗಿಲಿನ ತಟ್ಟೆ ಬೇಡ, ಮಧ್ಯದ ತಟ್ಟೆಯಲ್ಲಿ ಡಬ್ಬಿ ಸಮೇತ ಇಡಿ. ಜೋರಾಗಿ ಅಲುಗಾಡಿಸಬೇಡಿ. ಹೆಪ್ಪುಗಟ್ಟಿತ್ತು ಅಂತ ಅನುಮಾನ ಇದ್ದರೆ ಚುಚ್ಚಿಕೊಳ್ಳುವ ಮೊದಲು ಕೇಳಿ.

ಯಾವ ದಿನ ಎಣಿಸಿದ್ದು? ಬಿಳಿ ಕಣ ಮೊದಲ ದಿನವೇ ಏರುತ್ತದೆ, ಸಿಡಿ34 ಹಾಗಲ್ಲ. ಅದು ನಾಲ್ಕನೇ ದಿನದಿಂದ ಏರಿ ಐದು-ಆರನೇ ದಿನಕ್ಕೆ ತುದಿ ಮುಟ್ಟಿ ಆಮೇಲೆ, ಇಂಜೆಕ್ಷನ್ ಮುಂದುವರಿಸಿದರೂ, ಇಳಿಯುತ್ತದೆ. ಮೂರನೇ ದಿನದ ಕೌಂಟ್ ನೋಡಿ ಅಳುವುದೂ ಬೇಡ, ಎಂಟನೇ ದಿನದವರೆಗೆ ಕಾಯುವುದೂ ಬೇಡ.

ರಕ್ತದ ಟ್ಯೂಬ್ ಮೇಲಿನ ಹೆಸರು ಸರಿ ಇದೆಯಾ? ಒಂದೇ ಮನೆಯ ಇಬ್ಬರು, ಒಂದೇ ಇನಿಶಿಯಲ್, ಒಂದೇ ವಾರ್ಡು. ಅನುಮಾನ ಬಂದರೆ ಮತ್ತೊಂದು ಟ್ಯೂಬ್ ತೆಗೆದು ಕಳಿಸುವುದೇ ಅಗ್ಗದ ದಾರಿ.

ಇಷ್ಟೂ ಸರಿ ಇದ್ದು ಡಬ್ಲ್ಯೂಬಿಸಿಯೂ ಏರಿಲ್ಲ ಅಂದರೆ ಔಷಧಿಯದೋ ಡೋಸಿನದೋ ಸಮಸ್ಯೆ ಇರಬಹುದು ಅಂತ ಇನ್ನೊಮ್ಮೆ ಹಿಂದಕ್ಕೆ ಹೋಗಿ ನೋಡಿ. ಡಬ್ಲ್ಯೂಬಿಸಿ ಚೆನ್ನಾಗಿ ಏರಿ ಸಿಡಿ34 ಮಾತ್ರ ಏರದಿದ್ದರೆ ಔಷಧಿ ಕೆಲಸ ಮಾಡಿದೆ, ಮಜ್ಜೆ ಬಿಟ್ಟುಕೊಡುತ್ತಿಲ್ಲ ಅಂತ ಅರ್ಥ. ಆರೋಗ್ಯವಂತ ದಾನಿಗಳಲ್ಲಿ ಇದು ಕಡಿಮೆ. ತಮ್ಮ ಸೆಲ್ಲನ್ನೇ ತಾವು ಕೊಡುವ ರೋಗಿಗಳಲ್ಲಿ ಜಾಸ್ತಿ: ಹಲವು ಸುತ್ತು ಕೀಮೋ ಆದವರು, ಸೊಂಟದ ಭಾಗಕ್ಕೆ ರೇಡಿಯೇಷನ್ ಆದವರು, ಮೈಲೋಮಾ ಅನ್ನುವ ಮಜ್ಜೆಯ ಕ್ಯಾನ್ಸರಿಗೆ ಲೆನಾಲಿಡೊಮೈಡ್ ಅನ್ನುವ ಔಷಧಿ ಬಹಳ ತಿಂಗಳು ತಗೊಂಡವರು, ವಯಸ್ಸಾದವರು. ಮೈಲೋಮಾ ಅಂತ ಗೊತ್ತಾದವರು ಮುಂದೆ ಟ್ರಾನ್ಸ್‌ಪ್ಲಾಂಟ್ ಯೋಚನೆ ಇದ್ದರೆ ಸೆಲ್ ಯಾವಾಗ ತೆಗೆಯುವುದು ಅಂತ ಮೊದಲ ಕೆಲವು ತಿಂಗಳಲ್ಲೇ ಡಾಕ್ಟರನ್ನು ಕೇಳುವುದು ಒಳ್ಳೆಯದು ಅನ್ನುವುದು ಇದಕ್ಕೇ. ಮಷಿನ್ ಎದುರು ಕೂತಾಗ ಆ ಚರ್ಚೆ ತಡವಾಗಿರುತ್ತದೆ.

ಇಲ್ಲಿಂದ ಮುಂದಿನದು ಖರ್ಚಿನ ದಾರಿ. ಪ್ಲೆರಿಕ್ಸಾಫೋರ್ ಅನ್ನುವ ಇಂಜೆಕ್ಷನ್ ಇದೆ, ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಪಡೆದದ್ದು. ಸ್ಟೆಮ್ ಸೆಲ್ಲನ್ನು ಮಜ್ಜೆಯಲ್ಲಿ ಹಿಡಿದಿಟ್ಟಿರುವ ಕೊಂಡಿಯನ್ನು ಅದು ಬಿಡಿಸುತ್ತದೆ. ಕಿಲೋಗೆ 0.24 ಮಿಲಿಗ್ರಾಂ, ಕಿಡ್ನಿ ದುರ್ಬಲವಾಗಿದ್ದರೆ ಕಡಿಮೆ. ಇದರಲ್ಲಿ ಸಮಯವೇ ಎಲ್ಲ. ಮಷಿನ್‌ಗೆ ಸುಮಾರು 11 ಗಂಟೆ ಮೊದಲು ಚುಚ್ಚಬೇಕು. ಬೆಳಿಗ್ಗೆ 8ಕ್ಕೆ ಮಷಿನ್ ಅಂದರೆ ಹಿಂದಿನ ರಾತ್ರಿ 9ಕ್ಕೆ. ರಾತ್ರಿ ಅದನ್ನು ಹಾಕಿ, ಬೆಳಿಗ್ಗೆ ಬೆಡ್ ಖಾಲಿ ಇಲ್ಲ ಅಂತ ಮಧ್ಯಾಹ್ನ 3 ಗಂಟೆಗೆ ಮಷಿನ್ ಹತ್ತಿಸಿದರೆ ದುಬಾರಿ ಔಷಧಿಯ ಒಳ್ಳೆ ಹೊತ್ತು ಕಳೆದಿರುತ್ತದೆ. ಆದ್ದರಿಂದ ಮಷಿನ್, ಲೈನ್, ಸಿಬ್ಬಂದಿ ಮೂರೂ ಖಚಿತವಾದ ಮೇಲೆ ಚುಚ್ಚಿ. ಹೊಟ್ಟೆ ಕೆಡುವುದು, ವಾಕರಿಕೆ ಇದರ ಸಾಮಾನ್ಯ ಕಾಟ.

ಅದೂ ಆಗದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಪ್ರಯತ್ನಿಸಬಹುದು. ದಾನಿಯಾಗಿದ್ದರೆ ಹಳೆಯ ದಾರಿ ಇದೆ, ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ನೇರವಾಗಿ ಮಜ್ಜೆ ಎಳೆಯುವುದು. 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ದೇಶದ ಮೊದಲ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಆದ ಕಾಲಕ್ಕೆ ಇದ್ದದ್ದು ಆ ದಾರಿಯೇ. ಥಲಸ್ಸೀಮಿಯಾ ಮಕ್ಕಳಿಗೆ ಈಗಲೂ ಅನೇಕ ಡಾಕ್ಟರುಗಳು ಮಜ್ಜೆಯನ್ನೇ ಇಷ್ಟಪಡುತ್ತಾರೆ, ದಾನಿಯ ಸೆಲ್ ರೋಗಿಯ ಮೈಮೇಲೆ ತಿರುಗಿಬೀಳುವ ದೀರ್ಘಕಾಲದ ತೊಂದರೆ ಅದರಲ್ಲಿ ಕಡಿಮೆ ಅಂತ.

ಇನ್ನೊಂದು ಮುಖ್ಯ ಎಚ್ಚರ. ಸಾಧ್ಯವಿರುವಲ್ಲೆಲ್ಲ, ರೋಗಿಯ ಮಜ್ಜೆ ಒಣಗಿಸುವ ಭಾರಿ ಕೀಮೋ ಶುರುಮಾಡುವ ಮೊದಲು ಸೆಲ್ ಕೈಯಲ್ಲಿರಬೇಕು. ಆ ಕೀಮೋ ಹೋದ ಮೇಲೆ ಹಿಂದಕ್ಕೆ ಬರಲು ದಾರಿಯಿಲ್ಲ. ದಾನಿಯಿಂದ ತಾಜಾ ಸೆಲ್ ತೆಗೆದು ಅಂದೇ ಹಾಕುವ ಯೋಜನೆಯಾದರೆ, ಅವತ್ತು ಸೆಲ್ ಸಾಲದಿದ್ದರೆ ಏನು ಮಾಡ್ತೀರಿ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಷಿನ್ ಒಂದೇ ಸಮನೆ ಕೂಗುತ್ತಿದೆ

ನಾಲ್ಕೈದು ಗಂಟೆಯ ಕೆಲಸದಲ್ಲಿ ಮಷಿನ್ ಒಮ್ಮೆಯೂ ಕೂಗದಿದ್ದರೆ ನನಗೇ ಅನುಮಾನ. ಕೂಗುವುದು ಹೆಚ್ಚಾಗಿ ರಕ್ತ ಎಳೆಯುವ ಕಡೆ ಒತ್ತಡ ಸರಿಯಿಲ್ಲ ಅಂತ. ಮೊದಲು ಮೊಣಕೈ ನೋಡಿ. ದಾನಿ ಸೂಜಿ ಇರುವ ಕೈಯಲ್ಲೇ ಮೊಬೈಲ್ ಎತ್ತಿ ರೀಲ್ಸ್ ನೋಡುತ್ತಿರುತ್ತಾರೆ, ಕೈ ಒಂದಿಷ್ಟು ಮಡಚಿರುತ್ತದೆ, ಸೂಜಿಯ ಬಾಯಿ ನರದ ಗೋಡೆಗೆ ತಾಗಿ ರಕ್ತ ನಿಲ್ಲುತ್ತದೆ. ಕೈ ನೇರ ಮಾಡಿಸಿ, ಅಂಗೈಯಲ್ಲಿ ಮೆತ್ತನೆ ಚೆಂಡು ಕೊಟ್ಟು ಹಿಸುಕಲು ಹೇಳಿದರೆ ಅರ್ಧ ನಿಮಿಷದಲ್ಲಿ ಮಷಿನ್ ಸುಮ್ಮನಾಗುತ್ತದೆ. ಆಮೇಲೆ ಹೊದಿಕೆ ಎತ್ತಿ ಟ್ಯೂಬ್ ಮಡಚಿದೆಯಾ, ಮೈಕೆಳಗೆ ಸಿಕ್ಕಿದೆಯಾ ನೋಡಿ. ಟ್ಯೂಬ್ ಮುಚ್ಚುವ ಕ್ಲಿಪ್ಪು, ಅಂದರೆ ಕ್ಲಾಂಪ್, ತೆರೆದಿದೆಯಾ ನೋಡಿ. ಕೈ ತಣ್ಣಗಿದ್ದರೆ ಬೆಚ್ಚಗೆ ಮಾಡಿ, ಎಸಿ ಕಡಿಮೆ ಮಾಡಿ. ನೀರು ಕಡಿಮೆ ಕುಡಿದು ಬಂದವರ ನರ ಕೈಗೇ ಸಿಗುವುದಿಲ್ಲ, ಅದಕ್ಕೆ ಹಿಂದಿನ ದಿನದಿಂದಲೇ ನೀರು ಚೆನ್ನಾಗಿ ಕುಡಿಯಿರಿ. ಆದರೆ ಮಷಿನ್ ಹತ್ತುವ ಮೊದಲು ಒಮ್ಮೆ ಬಾತ್‌ರೂಮಿಗೆ ಹೋಗಿ ಬನ್ನಿ, ಮಧ್ಯದಲ್ಲಿ ಏಳುವಂತಿಲ್ಲ!

ಇಷ್ಟಾದರೂ ನಿಲ್ಲದಿದ್ದರೆ ಎಳೆಯುವ ವೇಗ ಇಳಿಸಿ. ಸಮಯ ಜಾಸ್ತಿ ಹಿಡಿಯುತ್ತದೆ, ಪರವಾಗಿಲ್ಲ. ಕುತ್ತಿಗೆಯ ಅಥವಾ ತೊಡೆಸಂದಿಯ ದೊಡ್ಡ ಲೈನ್ (ರಕ್ತನಾಳದೊಳಗೆ ಇಟ್ಟ ನಳಿಕೆ) ಇದ್ದರೆ ಕತ್ತು ಸ್ವಲ್ಪ ತಿರುಗಿಸಲು, ಒಮ್ಮೆ ಕೆಮ್ಮಲು ಹೇಳಿ ನೋಡಿ. ಆಮೇಲಷ್ಟೇ ಲೈನ್‌ನೊಳಗೆ ರಕ್ತ ಹೆಪ್ಪುಗಟ್ಟಿದೆಯಾ, ತುದಿ ಜಾರಿದೆಯಾ ಅನ್ನುವ ಪ್ರಶ್ನೆ. ಲೈನ್ ಬಿಗಿಯಾಗಿದ್ದಾಗ ಸಿರಿಂಜಿನಿಂದ ಜೋರಾಗಿ ತಳ್ಳಬಾರದು, ಹೆಪ್ಪು ಒಳಕ್ಕೆ ಹೋಗುತ್ತದೆ. ಅದು ಡಾಕ್ಟರ್ ನೋಡಬೇಕಾದ ಕೆಲಸ.

ವಾಪಸ್ ಹೋಗುವ ಕೈ ಊದುತ್ತಿದ್ದರೆ, ಉರಿಯುತ್ತಿದ್ದರೆ ಅಲ್ಲೇ ನಿಲ್ಲಿಸಿ. ಸೂಜಿ ನರದಿಂದ ಆಚೆ ಬಂದಿದೆ. ಮತ್ತೆ ಜೊತೆಗೆ ಬಂದವರಿಗೆ ಒಂದು ಕೋರಿಕೆ: ಕೂಗು ನಿಲ್ಲಿಸಲು ಗುಂಡಿ ಒತ್ತಬೇಡಿ, ಕ್ಲಾಂಪ್ ಮುಟ್ಟಬೇಡಿ. ಗಾಳಿಗುಳ್ಳೆ ಕಂಡಾಗಲೂ ಅದೇ ದನಿಯಲ್ಲಿ ಕೂಗುವ ಮಷಿನ್‌ಗಳಿವೆ.

ಪುಟ್ಟ ಮಕ್ಕಳ ವಿಷಯದಲ್ಲಿ ಒಂದು ಸೂಕ್ಷ್ಮ. ಟ್ಯೂಬ್‌ಗಳೊಳಗೆ ನಿಲ್ಲುವ ರಕ್ತವೇ ಅವರ ಮೈಯ ರಕ್ತದ ದೊಡ್ಡ ಪಾಲು ಆಗಿಬಿಡುತ್ತದೆ. ಅದಕ್ಕೆ ಮಷಿನ್‌ಗೆ ಮೊದಲೇ ಬೇರೆ ರಕ್ತ ತುಂಬಿಸಿ ಶುರು ಮಾಡುತ್ತೇವೆ. ಮಗು ಬಿಳಚಿದರೆ, ತೂಕಡಿಸಿದರೆ, ಸುಸ್ತಾಯ್ತು ಪಾಪ ಅಂತ ಮಲಗಿಸಬೇಡಿ. ಬಿಪಿ ನೋಡಿಸಿ.

ತುಟಿ ಜುಮ್ ಅನ್ನುತ್ತಿದೆ, ಬೆರಳ ತುದಿ ಚುರುಚುರು

ಹೇಳಿ. ತಕ್ಷಣ ಹೇಳಿ. ಇದನ್ನು ತಡೆದುಕೊಂಡು ಕೂರುವವರೇ ನಮಗೆ ಜಾಸ್ತಿ ತಲೆನೋವು.

ರಕ್ತ ಟ್ಯೂಬಿನಲ್ಲಿ ಹೆಪ್ಪುಗಟ್ಟದಿರಲಿ ಅಂತ ಎಸಿಡಿ-ಎ ಅನ್ನುವ ದ್ರವ ಬೆರೆಸುತ್ತೇವೆ. ಅದರಲ್ಲಿರುವ ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ವಾಪಸ್ ಹೋಗುವ ರಕ್ತದ ಜೊತೆ ಸ್ವಲ್ಪ ಸಿಟ್ರೇಟ್ ಮೈಗೂ ಹೋಗಿ ಅಲ್ಲಿನ ಕ್ಯಾಲ್ಸಿಯಂ ಇಳಿಸುತ್ತದೆ. ಮೊದಲು ತುಟಿಯ ಸುತ್ತ, ಮೂಗಿನ ತುದಿ, ಬೆರಳು ಜುಮ್ಮೆನ್ನುತ್ತವೆ. ಆಮೇಲೆ ನಡುಕ, ವಾಕರಿಕೆ. ಕಡಿಮೆ ತೂಕದವರಲ್ಲಿ ಬೇಗ ಬರುತ್ತದೆ.

ಮೊದಲ ಮದ್ದು ವೇಗ ಇಳಿಸುವುದು. ಎರಡನೆಯದು ಬಾಯಿಗೆ ಕ್ಯಾಲ್ಸಿಯಂ ಮಾತ್ರೆ. ಆಗಲೂ ಇಳಿಯದಿದ್ದರೆ ನರಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್, ನಿಧಾನಕ್ಕೆ, ಹೃದಯದ ಬಡಿತ ನೋಡುತ್ತಾ. ಅನೇಕ ಕಡೆ ಶುರುವಿನಿಂದಲೇ ಅದನ್ನು ಹರಿಸಿಟ್ಟಿರುತ್ತಾರೆ. ಆದರೆ ಮಷಿನ್‌ನ ಟ್ಯೂಬಿನೊಳಗಿನ ರಕ್ತಕ್ಕೆ ತಪ್ಪು ಜಾಗದಲ್ಲಿ ಕ್ಯಾಲ್ಸಿಯಂ ಸೇರಬಾರದು, ಸಿಟ್ರೇಟ್‌ನ ಕೆಲಸ ಕೆಟ್ಟು ರಕ್ತ ಅಲ್ಲೇ ಹೆಪ್ಪುಗಟ್ಟಿ ಟ್ಯೂಬಿನ ಸೆಟ್ ಹಾಳಾಗುತ್ತದೆ. ಕ್ಯಾಲ್ಸಿಯಂ ಕೊಟ್ಟೂ ಕೊಟ್ಟೂ ಜುಮ್ಮೆನ್ನುವುದು ನಿಲ್ಲದಿದ್ದರೆ ಮೆಗ್ನೀಷಿಯಂ ನೋಡಿಸಿ, ಸಿಟ್ರೇಟ್ ಅದನ್ನೂ ಬಿಡುವುದಿಲ್ಲ.

ಕೈಬೆರಳು ತಾವಾಗಿ ಒಳಕ್ಕೆ ಸೆಟೆದುಕೊಂಡರೆ, ಎದೆ ಬಿಗಿದರೆ, ಬಡಿತ ತಪ್ಪಿದರೆ ಮಷಿನ್ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು. ಮುಗಿಯಲು ಇನ್ನು ಹತ್ತೇ ನಿಮಿಷ ಅಂತ ತಳ್ಳಬಾರದು.

ಬ್ಯಾಗಿನ ಬಣ್ಣ ಸರಿ ಕಾಣುತ್ತಿಲ್ಲ

ಇದು ಸಿಬ್ಬಂದಿಗೆ. ಚೆನ್ನಾಗಿ ಬಂದ ಬ್ಯಾಗು ತಿಳಿ ಟೊಮ್ಯಾಟೊ ಸಾರಿನ ಬಣ್ಣಕ್ಕಿರುತ್ತದೆ. ಮಷಿನ್ ರಕ್ತವನ್ನು ಗಿರಗಿರ ತಿರುಗಿಸಿದಾಗ ಕೆಂಪು ಕಣ ಹೊರಗೆ, ಪ್ಲಾಸ್ಮಾ ಒಳಗೆ, ನಡುವೆ ತೆಳ್ಳನೆ ಬಿಳಿ ಪದರ. ನಮಗೆ ಬೇಕಾದ್ದು ಆ ಪದರದಲ್ಲಿದೆ. ಹಿಡಿಯುವ ಗೆರೆ ಕೆಂಪಿನ ಕಡೆ ಜರುಗಿದರೆ ಬ್ಯಾಗು ಗಾಢ ಕೆಂಪು, ಪ್ಲಾಸ್ಮಾ ಕಡೆ ಜರುಗಿದರೆ ಪೇಲವ. ಸಂಗ್ರಹದ ಟ್ಯೂಬನ್ನು ಬಣ್ಣದ ಕಾರ್ಡಿಗೆ ಹಿಡಿದು ಹೋಲಿಸಿ ನೋಡಿ, ಬೇರೆ ಲೈಟಿನಲ್ಲಿ ಕಣ್ಣು ಮೋಸ ಮಾಡುತ್ತದೆ. ಬ್ಯಾಗಿನಲ್ಲಿ ಕೆಂಪು ಕಣದ ಪಾಲು ಶೇಕಡ 2ರಿಂದ 5ರೊಳಗಿದ್ದರೆ ನೆಮ್ಮದಿ.

ಗಾಢ ಕೆಂಪಾದರೆ ಸೆಲ್ ಹಾಳಾಯ್ತು ಅಂತಲ್ಲ. ಆದರೆ ದಾನಿ ಮತ್ತು ರೋಗಿಯ ರಕ್ತದ ಗುಂಪು ಬೇರೆಯಾಗಿದ್ದರೆ ಆ ಕೆಂಪು ಕಣಗಳು ರೋಗಿಯ ಮೈಯಲ್ಲಿ ಒಡೆದು ತೊಂದರೆ ಕೊಡಬಹುದು. ಆಗ ಲ್ಯಾಬಿನಲ್ಲಿ ಕೆಂಪು ಕಣ ಕಡಿಮೆ ಮಾಡಿ ಕೊಡಬೇಕು. ಪೇಲವವಾದರೆ ಸೆಲ್ ಕೈಬಿಟ್ಟು ಹೋಗುತ್ತಿದೆ, ಬೇಗ ಸರಿಪಡಿಸಿ.

ಬ್ಯಾಗಿನಲ್ಲಿ ಸಣ್ಣ ಸಣ್ಣ ಗಂಟು ಕಂಡರೆ ಹೆಚ್ಚಾಗಿ ಪ್ಲೇಟ್‌ಲೆಟ್ ಒಟ್ಟುಗೂಡಿರುವುದು. ಎಸಿಡಿ-ಎ ಚೀಲ ಖಾಲಿಯಾಗಿದೆಯಾ, ಅದರ ಕ್ಲಾಂಪ್ ಮುಚ್ಚಿದೆಯಾ ಅಂತ ಮೊದಲು ನೋಡಿ. ಬ್ಯಾಗನ್ನು ಮೆಲ್ಲಗೆ ಹೊರಳಿಸಿ. ಕರಗದಿದ್ದರೆ ಲ್ಯಾಬಿನವರನ್ನು ಕೇಳಿ, ಅವರ ನಿಯಮದ ಪ್ರಕಾರ ಎಸಿಡಿ-ಎ ಸೇರಿಸುತ್ತಾರೆ.

ಲ್ಯಾಬಿನ ಲೆಕ್ಕ ನಮ್ಮ ಅಂದಾಜಿಗೆ ಹೊಂದುತ್ತಿಲ್ಲ

ಮಾದರಿ ತೆಗೆಯುವ ಮೊದಲು ಬ್ಯಾಗ್ ಸರಿಯಾಗಿ ಕಲಸಿದ್ದಿರಾ? ಮುಕ್ಕಾಲು ಪಾಲು ಇದೇ. ಟ್ಯೂಬಿನ ಕೊನೆಯಲ್ಲಿ ನಿಂತದ್ದನ್ನು ತೆಗೆದರೆ ಬ್ಯಾಗಿನ ಲೆಕ್ಕ ಬರುವುದಿಲ್ಲ. ಇನ್ನೊಂದು, ಬ್ಯಾಗಿನ ಅಳತೆ ಯಾರೋ ಕಣ್ಣಂದಾಜಿಗೆ ಬರೆದದ್ದೋ, ತೂಕ ಮಾಡಿದ್ದೋ? ಆಮೇಲೆ ಸತ್ತ ಸೆಲ್ ಎಷ್ಟು ಅಂತ ನೋಡಿ. ಸೆಲ್ ಜಾಸ್ತಿ ಸತ್ತಿದ್ದರೆ ಬ್ಯಾಗು ಬಿಸಿಲಲ್ಲೋ, ಆಂಬುಲೆನ್ಸಿನ ಡ್ಯಾಶ್‌ಬೋರ್ಡ್ ಮೇಲೋ ಕೂತಿತ್ತಾ ವಿಚಾರಿಸಿ. ತಾಜಾ ಬ್ಯಾಗು 2ರಿಂದ 8 ಡಿಗ್ರಿಯಲ್ಲಿ ಎರಡು ಮೂರು ದಿನ ತಡೆಯುತ್ತದೆ. ನಮ್ಮ ದೇಶದಲ್ಲಿ ಮೈಲೋಮಾ ರೋಗಿಗಳಿಗೆ ಹೀಗೆ ಫ್ರಿಜ್ಜಿನಲ್ಲಿಟ್ಟು, ಮಧ್ಯೆ ಕೀಮೋ ಕೊಟ್ಟು, ಫ್ರೀಜ್ ಮಾಡದೆಯೇ ಹಾಕುವ ಆಸ್ಪತ್ರೆಗಳಿವೆ.

ಎಂದಿಗೂ ಮಾಡಬಾರದ್ದು ಎರಡು. ರೋಗಿಗೆ ಕೊಡುವ ಬೇರೆ ರಕ್ತದ ಬ್ಯಾಗುಗಳನ್ನು ರೇಡಿಯೇಷನ್‌ಗೆ ಒಡ್ಡಿ, ಬಿಳಿ ಕಣ ಸೋಸುವ ಫಿಲ್ಟರ್ ಹಾಕಿ ಕೊಡುತ್ತಾರೆ. ಸ್ಟೆಮ್ ಸೆಲ್ ಬ್ಯಾಗಿಗೆ ಆ ಎರಡೂ ಕೂಡದು. ರೇಡಿಯೇಷನ್ ಸೆಲ್ಲನ್ನು ಕೊಲ್ಲುತ್ತದೆ, ಫಿಲ್ಟರ್ ಸೆಲ್ಲನ್ನೇ ಹಿಡಿದಿಟ್ಟುಕೊಳ್ಳುತ್ತದೆ. ವಿಮಾನದಲ್ಲಿ ತರುವಾಗ ಎಕ್ಸ್‌ರೇ ಮಷಿನ್‌ಗೂ ಹಾಕಬಾರದು, ಕಾಗದ ತೋರಿಸಿ ಕೈಯಲ್ಲೇ ತರಬೇಕು.

ಬ್ಯಾಗಿನ ಕಲ್ಚರ್‌ನಲ್ಲಿ ಕೀಟಾಣು ಬೆಳೆದಿದೆ ಅಂತ ಎರಡು ದಿನದ ಮೇಲೆ ಫೋನ್ ಬಂದರೆ ಎದೆ ಧಸಕ್ಕೆನ್ನುವುದು ಸಹಜ. ಹೆಚ್ಚಾಗಿ ಅದು ಚರ್ಮದ ಮೇಲಿನ ಸಾಧಾರಣ ಬ್ಯಾಕ್ಟೀರಿಯಾ. ಸೆಲ್ ಎಸೆಯುವುದು ಅಪರೂಪ. ಯಾವ ಆಂಟಿಬಯಾಟಿಕ್ ನಾಟುತ್ತದೆ ನೋಡಿಕೊಂಡು, ಅದನ್ನು ಕೊಡುತ್ತಾ ಹಾಕುವ ನಿರ್ಧಾರ ಡಾಕ್ಟರದ್ದು.

ಕರಗಿಸಿದ ಬ್ಯಾಗು ಹಾಕುವಾಗ ವಾಸನೆ, ಕೆಮ್ಮು, ಕೆಂಪು ಮೂತ್ರ

ಫ್ರೀಜ್ ಮಾಡಿದ ಸೆಲ್‌ಗಳಿಗೆ ಡಿಎಂಎಸ್‌ಒ ಅನ್ನುವ ದ್ರವ ಸೇರಿಸಿರುತ್ತಾರೆ, ಸಾಮಾನ್ಯವಾಗಿ ಶೇಕಡ 10. ಇಲ್ಲದಿದ್ದರೆ ಒಳಗೆ ಮಂಜಿನ ಹರಳು ಕಟ್ಟಿ ಸೆಲ್ ಒಡೆಯುತ್ತದೆ. ಅದು ಮೈಯೊಳಗೆ ಹೋದ ಮೇಲೆ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆಯಾಗಿ ಹೊರಬರುತ್ತದೆ, ರೂಮೆಲ್ಲ ಒಂದೆರಡು ದಿನ. ಅದು ದೋಷವಲ್ಲ, ರೋಗಿಗೆ ಪೆಪ್ಪರ್‌ಮಿಂಟ್ ಕೊಡಿ. ಗಂಟಲಲ್ಲಿ ಕಿಚಕಿಚ, ಸ್ವಲ್ಪ ಕೆಮ್ಮು, ವಾಕರಿಕೆ ಬಂದರೆ ವೇಗ ಇಳಿಸಿದರೆ ಸಾಕು. ಕರಗಿಸುವಾಗ ಒಡೆದ ಕೆಂಪು ಕಣಗಳಿಂದ ಮೂತ್ರ ಅವತ್ತು ಕೆಂಪಾಗಬಹುದು, ಗಾಬರಿ ಬೇಡ, ಆದರೆ ಸಿಸ್ಟರ್‌ಗೆ ತೋರಿಸಿ. ಮರುದಿನವೂ ಹಾಗೇ ಇದ್ದರೆ, ಮೂತ್ರ ಕಡಿಮೆಯಾದರೆ ಅದು ಬೇರೆ ಮಾತು. ಡಿಎಂಎಸ್‌ಒ ಒಂದು ದಿನಕ್ಕೆ ಕಿಲೋಗೆ 1 ಗ್ರಾಂ ಮೀರಬಾರದು, ಅದಕ್ಕೆ ಬ್ಯಾಗು ಜಾಸ್ತಿ ಇದ್ದರೆ ಎರಡು ದಿನಕ್ಕೆ ಹಂಚುತ್ತಾರೆ.

ಬಿಪಿ ಕುಸಿತ, ಬಡಿತ ತೀರಾ ನಿಧಾನ, ಮೈತುಂಬ ದದ್ದು, ಚಳಿ ನಡುಕ, ಉಸಿರು ಕಟ್ಟುವುದು: ನಿಲ್ಲಿಸಿ, ಲೈನ್ ಇರಲಿ, ಡಾಕ್ಟರ್ ಬರಲಿ.

ಕರಗಿಸುವವರಿಗೆ ಎರಡು ಮಾತು. 37 ಡಿಗ್ರಿ ನೀರಿಗೆ ಇಳಿಸುವ ಮೊದಲು ಬ್ಯಾಗನ್ನು ಇನ್ನೊಂದು ಶುದ್ಧ ಚೀಲದೊಳಗೆ ಹಾಕಿ. ಬಿರುಕು ಬಿಟ್ಟಿದ್ದರೆ ಸೋರಿದ್ದು ಆ ಚೀಲದಲ್ಲಾದರೂ ಉಳಿಯುತ್ತದೆ, ಬಳಸಬಹುದಾ ಅಂತ ಡಾಕ್ಟರನ್ನು ಕೇಳಲು ಅವಕಾಶವಿರುತ್ತದೆ. ಕರಗಿದ ಮೇಲೆ ತಡ ಮಾಡಬೇಡಿ, ಬೆಚ್ಚಗಿನ ಡಿಎಂಎಸ್‌ಒದಲ್ಲಿ ಸೆಲ್ ಬೇಗ ಸಾಯುತ್ತದೆ. ಅಂದರೆ ರೋಗಿಯ ಲೈನ್ ತೆರೆದಿದೆ, ಹೆಸರು ತಾಳೆಯಾಗಿದೆ, ಅಲರ್ಜಿಯ ಔಷಧಿ ಹೋಗಿದೆ ಅಂತ ಖಚಿತವಾದ ಮೇಲೇ ಬ್ಯಾಗು ನೀರಿಗೆ. ನೈಟ್ರೋಜನ್ ಟ್ಯಾಂಕಿನ ರೂಮಿಗೆ ದಪ್ಪ ಗ್ಲೌಸು, ಮುಖದ ಶೀಲ್ಡ್ ಇಲ್ಲದೆ ಹೋಗಬೇಡಿ. ಆಮ್ಲಜನಕದ ಅಲಾರಂ ಕೂಗುತ್ತಿದ್ದರೆ ಒಳಗೇ ಹೋಗಬೇಡಿ. ನೈಟ್ರೋಜನ್‌ಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಬಿದ್ದವರನ್ನು ಎತ್ತಲು ಹೋದವರೂ ಬೀಳುತ್ತಾರೆ.

ಸೆಲ್ ಹಾಕಿ ಹತ್ತು ದಿನವಾಯಿತು, ಕೌಂಟ್ ಏಳುತ್ತಿಲ್ಲ

ಹತ್ತು ದಿನಕ್ಕೆ ದೋಷ ಅನ್ನಲಾಗದು. ಸ್ವಂತ ಸೆಲ್ ಆದರೆ ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡುವ ಬಿಳಿ ಕಣ) 500 ದಾಟಲು ಸಾಧಾರಣವಾಗಿ 10ರಿಂದ 14 ದಿನ, ಬೇರೆಯವರದ್ದಾದರೆ ಇನ್ನೂ ಕೆಲವು ದಿನ, ಮೂಳೆಯಿಂದ ತೆಗೆದ ಮಜ್ಜೆಯಾದರೆ ಮೂರು ವಾರದ ಹತ್ತಿರ. ಪ್ಲೇಟ್‌ಲೆಟ್ ಅದರ ಹಿಂದಿನಿಂದ ಬರುತ್ತದೆ. ದಿನಕ್ಕೆ ಎರಡು ಸಲ ರಿಪೋರ್ಟ್ ಕೇಳಿದರೆ ಕೌಂಟ್ ಬೇಗ ಬರುವುದಿಲ್ಲ.

ಸಮಯ ಮೀರಿದರೆ ಡಾಕ್ಟರ್ ಕ್ರಮವಾಗಿ ನೋಡುವುದು ಇಷ್ಟು: ಹಾಕಿದ ಸಿಡಿ34 ಎಷ್ಟಿತ್ತು, ಕರಗಿಸಿದ ಮೇಲೆ ಎಷ್ಟು ಬದುಕಿತ್ತು, ಸೋಂಕು ಇದೆಯಾ, ಮಜ್ಜೆಯನ್ನು ಅದುಮುವ ಔಷಧಿ ಯಾವುದಾದರೂ ನಡೆಯುತ್ತಿದೆಯಾ, ಸಿಎಂವಿ ವೈರಸ್ ಎದ್ದಿದೆಯಾ. ಆಮೇಲೆ ಮಜ್ಜೆ ಪರೀಕ್ಷೆ. ದಾನಿಯ ಸೆಲ್ ಆಗಿದ್ದರೆ ಕೈಮೆರಿಸಂ ಪರೀಕ್ಷೆ, ಅಂದರೆ ಈಗಿರುವ ರಕ್ತ ದಾನಿಯದ್ದು ಎಷ್ಟು, ರೋಗಿಯದ್ದು ಎಷ್ಟು ಅನ್ನುವ ಲೆಕ್ಕ. 28ನೇ ದಿನಕ್ಕೂ ನ್ಯೂಟ್ರೋಫಿಲ್ 500 ಮುಟ್ಟದಿದ್ದರೆ ಸೆಲ್ ಹಿಡಿದಿಲ್ಲ ಅಂತ ಗಣಿಸಿ ಮುಂದಿನ ದಾರಿ ಯೋಚಿಸುತ್ತಾರೆ. ಅದು ಮೀಸಲಿಟ್ಟ ಇನ್ನೊಂದು ಬ್ಯಾಗು ಇರಬಹುದು, ದಾನಿಯನ್ನು ಮತ್ತೆ ಕರೆಯುವುದಿರಬಹುದು. ಆದ್ದರಿಂದ ದಾನಿ ಊರಿಗೆ ಹೊರಟಾಗ ಅವರ ಫೋನ್ ನಂಬರ್ ಜೊತೆಗೆ ಇನ್ನೊಬ್ಬ ಮನೆಯವರ ನಂಬರನ್ನೂ ಫೈಲಿನಲ್ಲಿ ಬರೆಸಿ.